ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಬೇಕಾ, ಬೇಡವಾ? ನಾವು ತೀರ್ಮಾನಕ್ಕೆ ಬಂದದ್ದು ಹೀಗೆ

ರಾಜೀನಾಮೆ ಕೊಟ್ಟ ವಾರವೇ ಎಚ್‌ಆರ್‌ಗೆ ಮೇಲ್ ಹಾಕಿದೆ. ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಪ್ಪ, ಅಮ್ಮ ಇಬ್ಬರ ಹೆಸರೂ ಇತ್ತು. ಇಬ್ಬರಿಗೂ ಸೇರಿ 3 ಲಕ್ಷ. ಅದು ಯಾವತ್ತಿನವರೆಗೆ ನಡೆಯುತ್ತೆ ಅಂತ ಕೇಳಿದ್ದೆ. ಕೆಲಸದ ಕೊನೆಯ ದಿನದವರೆಗೆ ಅಂತ ಒಂದೇ ಸಾಲಿನ ಉತ್ತರ ಬಂತು. ನೋಟಿಸ್ ಪೀರಿಯಡ್ ಎರಡು ತಿಂಗಳು. ಅಷ್ಟರಲ್ಲಿ ಏನಾದರೂ ದಾರಿ ನೋಡಬೇಕಿತ್ತು.

ಅಪ್ಪನಿಗೆ 63. ಶುಗರ್ ಒಂಬತ್ತು ವರ್ಷದಿಂದ ಇದೆ, ಬಿಪಿ ಆಮೇಲೆ ಸೇರಿಕೊಂಡಿತು. ಅಮ್ಮನಿಗೆ 58. ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿದೆ, ಆಪರೇಷನ್ ಸದ್ಯಕ್ಕೆ ಬೇಡ ಅಂದಿದ್ದಾರೆ. ಇಬ್ಬರೂ ಇರೋದು ತಿಪಟೂರು ಹತ್ತಿರದ ನಮ್ಮ ಊರಲ್ಲಿ. ತೆಂಗಿನ ತೋಟ, ಎರಡು ಹಸು. ನಾನು ಬೆಂಗಳೂರಲ್ಲಿ ಸ್ವಂತವಾಗಿ ಅಕೌಂಟ್ಸ್ ಕೆಲಸ ಶುರು ಮಾಡುವ ತಯಾರಿಯಲ್ಲಿದ್ದೆ. ಮೊದಲ ವರ್ಷ ಎಷ್ಟು ದುಡಿಮೆ ಆಗುತ್ತೋ ಖಾತ್ರಿ ಇಲ್ಲ. ಅಂಥ ಹೊತ್ತಲ್ಲಿ ವರ್ಷಕ್ಕೆ ನಲವತ್ತು, ಐವತ್ತು ಸಾವಿರ ಪ್ರೀಮಿಯಂ ಕಟ್ಟೋದಾ? ಅಥವಾ ವಿಮೆ ಇಲ್ಲದೇ ಇರೋದಾ? ಎಷ್ಟೋ ರಾತ್ರಿ ಇದೇ ಯೋಚನೆ. ಕೇಳಿದವರೆಲ್ಲ ಒಂದೊಂದು ಹೇಳಿದರು. ಈಗ ಎಲ್ಲ ಮುಗಿದಿದೆ, ಪಾಲಿಸಿ ಕೈಯಲ್ಲಿದೆ. ಇದೇ ಗೊಂದಲದಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಮೊದಲು ಮನೆಯಲ್ಲೇ ಚರ್ಚೆ ಆಯಿತು. ತಮ್ಮನ ಮಾತು ನೇರ. "ಅಕ್ಕ, ಏನೂ ಆಗದಿದ್ರೆ ಅಷ್ಟೂ ದುಡ್ಡು ಹೋದ ಹಾಗೇ ಅಲ್ವಾ? ಅದನ್ನೇ ಎಫ್‌ಡಿಲಿ ಹಾಕ್ತಾ ಹೋಗೋಣ." ಅವನ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ, ಕೂತು ಲೆಕ್ಕ ಹಾಕಿದೆವು. ವರ್ಷಕ್ಕೆ 45,000, ಬಡ್ಡಿ ನೂರಕ್ಕೆ 7 ಅಂತ ಹಿಡಿದರೆ ಹತ್ತು ವರ್ಷಕ್ಕೆ ಸುಮಾರು 6.65 ಲಕ್ಷ ಆಗುತ್ತೆ. ಸಣ್ಣ ಮೊತ್ತವೇನಲ್ಲ. ಆದರೆ ಎರಡನೇ ವರ್ಷದ ಕೊನೆಗೆ ಅಲ್ಲಿ ಇರೋದು ಒಂದು ಲಕ್ಷಕ್ಕೂ ಸ್ವಲ್ಪ ಕಮ್ಮಿ. ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿದಾಗ ಮೂರು ಲಕ್ಷದ ಮೇಲೆ ಬಿಲ್ಲಾಗಿತ್ತು. ಅಟ್ಟದಲ್ಲಿದ್ದ ಕೊಬ್ಬರಿಯನ್ನೆಲ್ಲ ಬಂದ ರೇಟಿಗೆ ಮಾರಿ, ಉಳಿದದ್ದಕ್ಕೆ ಒಡವೆ ಅಡವಿಟ್ಟಿದ್ದರು. ಕಾಯಿಲೆ ಹತ್ತನೇ ವರ್ಷದವರೆಗೆ ಕಾಯುತ್ತೆ ಅನ್ನೋ ಭರವಸೆ ಯಾರಿಗಿದೆ?

ಅಪ್ಪನದು ಬೇರೆ ಲೆಕ್ಕ. "ಸರ್ಕಾರದ ಯೋಜನೆ ಇದ್ಯಲ್ಲ, ಸುಮ್ನೆ ಯಾಕಮ್ಮ ಖರ್ಚು?" ಹಾಗಾಗಿ ಅದನ್ನೇ ಮೊದಲು ವಿಚಾರಿಸಿದೆ. ನೀವೂ ಅಲ್ಲಿಂದಲೇ ಶುರು ಮಾಡಿ ಅಂತ ಹೇಳ್ತೀನಿ. ಖಾಸಗಿ ಪಾಲಿಸಿ ಎಷ್ಟು ದೊಡ್ಡದು ಬೇಕು ಅನ್ನೋದು ಇದರ ಮೇಲೇ ನಿಂತಿದೆ.

ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ನಮ್ಮದು ಎಪಿಎಲ್. ಎಪಿಎಲ್‌ನವರಿಗೆ ಸರ್ಕಾರ ಕೊಡೋದು ಪ್ಯಾಕೇಜ್ ದರದ, ಅಂದ್ರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ ಶೇಕಡಾ 30, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದದ್ದು ನಮ್ಮ ಕೈಯಿಂದ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ನಾನು ಮಾತಾಡಿಸಿದವರು ರೇಷನ್ ಕಾರ್ಡ್, ಆಧಾರ್ ನೋಡಿ ಐದೇ ನಿಮಿಷದಲ್ಲಿ ಇಷ್ಟನ್ನೂ ಬಿಡಿಸಿ ಹೇಳಿದರು. ನಾನು ಊರಿಗೆ ಹೋಗುವಷ್ಟರಲ್ಲಿ ಹತ್ತಾರು ಜನ "ಎಲ್ಲರಿಗೂ 5 ಲಕ್ಷ ಫ್ರೀ" ಅಂದಿದ್ದರು. ಬಾಯಿಮಾತು ನಂಬಬೇಡಿ, ನಿಮ್ಮ ಕಾರ್ಡ್ ಹಿಡಿದು ಹೋಗಿ ಅವರನ್ನೇ ಕೇಳಿ.

ಇದನ್ನೆಲ್ಲ ವಿಚಾರಿಸುವಾಗ ಅಮ್ಮ ಬೀರುವಿನಿಂದ ಇನ್ನೊಂದು ಕಾರ್ಡ್ ತೆಗೆದು ತಂದರು. ಯಶಸ್ವಿನಿ, ಸಹಕಾರ ಸಂಘಗಳ ಸದಸ್ಯರಿಗೆ ಅಂತ ಇರುವ ರಾಜ್ಯ ಸರ್ಕಾರದ ಆರೋಗ್ಯ ಯೋಜನೆ. ಅಪ್ಪ ಹಾಲು ಉತ್ಪಾದಕರ ಸಂಘದ ಸದಸ್ಯರು. ಸಂಘದ ಕಾರ್ಯದರ್ಶಿ ಹೋದ ಸಲವೇ ನೋಂದಣಿ ಮಾಡಿಸಿದ್ದರಂತೆ. ಅಪ್ಪನಿಗೆ ಅದು ಮರೆತೇ ಹೋಗಿತ್ತು! ಗ್ರಾಮೀಣ ಸಹಕಾರ ಸಂಘದವರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ. ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ದೊಡ್ಡ ಆಸರೆ ಬೇರೆಲ್ಲೂ ಸಿಗಲ್ಲ. ಆದರೆ ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ. ಡೆಂಗಿ ಬಂದು ಒಂದು ವಾರ ಡ್ರಿಪ್ ಹಾಕಿಸಿಕೊಂಡು ಮಲಗಿದರೆ ಇದನ್ನೇ ನಂಬಿ ಕೂರೋಕಾಗಲ್ಲ. ನೋಂದಣಿಯೂ ವರ್ಷವಿಡೀ ಇರಲ್ಲ, ಗಡುವು ದಾಟಿದರೆ ಮುಂದಿನ ವರ್ಷವೇ. ನಿಮ್ಮ ಮನೆಯಲ್ಲಿ ಯಾರಾದರೂ ಸಹಕಾರ ಸಂಘದ ಸದಸ್ಯರಿದ್ದರೆ ಇವತ್ತೇ ಕೇಳಿ ನೋಡಿ.

ಇಷ್ಟು ಗೊತ್ತಾದ ಮೇಲೆ ಚಿತ್ರ ಸ್ವಲ್ಪ ತಿಳಿಯಾಯಿತು. ದೊಡ್ಡ ಆಪರೇಷನ್‌ಗೆ ಯಶಸ್ವಿನಿ ಒಂದು ಮಟ್ಟಿಗೆ ಆಗುತ್ತೆ. ಆದರೆ ಪಟ್ಟಿಯಲ್ಲಿ ಇಲ್ಲದ ಕಾಯಿಲೆ ಬಂದರೆ, ರಾತ್ರೋರಾತ್ರಿ ಹತ್ತಿರದ ಆಸ್ಪತ್ರೆಗೇ ಓಡಬೇಕಾಗಿ ಬಂದರೆ, ಅಲ್ಲಿ ಪೂರ್ತಿ ಬಿಲ್ಲು ನಮ್ಮದೇ. ಆ ಖಾಲಿ ಜಾಗಕ್ಕೆ ಪಾಲಿಸಿ ಬೇಕು ಅಂತ ತಮ್ಮನೂ ಒಪ್ಪಿದ.

ಆಮೇಲೆ ಶುರುವಾಯಿತು ಏಜೆಂಟರ ಫೋನು. ಒಂದು ವೆಬ್‌ಸೈಟಲ್ಲಿ ನಂಬರ್ ಹಾಕಿದರೆ ಸಾಕು, ಊಟಕ್ಕೆ ಕೂರೋಕೂ ಬಿಡಲ್ಲ. ಅದರಲ್ಲಿ ಒಬ್ಬರು ಮನೆಗೇ ಬಂದರು. ಅವರು ತಂದ ದರದ ಪಟ್ಟಿ ಹಳೆಯದು, ಶೇಕಡಾ 18 ಜಿಎಸ್‌ಟಿ ಸೇರಿಸಿಯೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಯಾರಾದರೂ ತೆರಿಗೆ ಸೇರಿಸಿ ಹೇಳಿದರೆ ಹೊಸ ಪಟ್ಟಿ ಕೇಳಿ ಪಡೆಯಿರಿ.

ಫಾರ್ಮ್ ತುಂಬುವಾಗ ಅವರು ಹೇಳಿದ್ದು ಇದು: "ಶುಗರ್ ಇಲ್ಲ ಅಂತಲೇ ಹಾಕೋಣ ಮೇಡಂ. ಇದೆ ಅಂದ್ರೆ ಪ್ರೀಮಿಯಂ ಜಾಸ್ತಿ, ರಿಜೆಕ್ಟೂ ಆಗಬಹುದು. ಐದು ವರ್ಷ ಆದ್ಮೇಲೆ ಯಾರೂ ಕೇಳಲ್ಲ."

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಇದನ್ನು ನಂಬಿದವರು ಬಹಳ ಜನ ಇದ್ದಾರೆ. ಅವರು ಹೇಳಿದ ಐದು ವರ್ಷ ಪೂರ್ತಿ ಸುಳ್ಳಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ತಂದ ನಿಯಮದಂತೆ, ಬಿಡದೆ 60 ತಿಂಗಳು ಪಾಲಿಸಿ ನಡೆಸಿದ ಮೇಲೆ, ಮಾಹಿತಿ ಕೊಟ್ಟಿರಲಿಲ್ಲ ಅನ್ನೋ ಕಾರಣ ಹೇಳಿ ಕಂಪನಿ ಕ್ಲೇಮ್ ತಳ್ಳಿಹಾಕುವ ಹಾಗಿಲ್ಲ. ಆದರೆ ಮೋಸ ಸಾಬೀತಾದರೆ ಆ ರಕ್ಷಣೆ ಇಲ್ಲ. ಗೊತ್ತಿದ್ದೂ ಬೇಕಂತಲೇ ಸುಳ್ಳು ಬರೆದರೆ ಅದನ್ನು ಏನಂತಾರೆ? ಅದೂ ಇರಲಿ, ಮಧ್ಯದ ಐದು ವರ್ಷದ ಗತಿ? ಅಪ್ಪ ಯಾವ ಆಸ್ಪತ್ರೆಗೆ ಸೇರಿದರೂ ಡಾಕ್ಟರ್ ಮೊದಲು ಕೇಳೋದೇ "ಶುಗರ್ ಎಷ್ಟು ವರ್ಷದಿಂದ?" ಅಂತ. ಅಪ್ಪ ಹೇಳ್ತಾರೆ, ಅವರು ಕೇಸ್ ಶೀಟ್‌ನಲ್ಲಿ ಬರೀತಾರೆ, ಆ ಹಾಳೆ ನೇರ ವಿಮಾ ಕಂಪನಿಗೆ ಹೋಗುತ್ತೆ. ಕಟ್ಟಿದ ದುಡ್ಡೂ ಹೋಯಿತು, ಕ್ಲೇಮೂ ಹೋಯಿತು. ಮುಚ್ಚಿಟ್ಟು ಪಾಲಿಸಿ ಕೊಳ್ಳೋದಕ್ಕಿಂತ ತಮ್ಮ ಹೇಳಿದ ಹಾಗೆ ಎಫ್‌ಡಿ ಇಡೋದು ಎಷ್ಟೋ ವಾಸಿ. ನನ್ನ ಮಟ್ಟಿಗೆ ಕೊಳ್ಳೋದಾ ಬೇಡವಾ ಅನ್ನೋ ಪ್ರಶ್ನೆ ಆವತ್ತು "ಎಲ್ಲ ಹೇಳಿದ ಮೇಲೂ ನಮಗೆ ಕೊಡುವವರು ಯಾರಾದರೂ ಇದ್ದಾರಾ?" ಅಂತ ಬದಲಾಯಿತು. ಆ ಏಜೆಂಟರಿಗೆ ಬೇಡ ಅಂದೆ.

ಗ್ರೂಪ್ ಪಾಲಿಸಿಯಲ್ಲಿ ಇರುವವರಿಗೆ ಒಂದು ಒಳ್ಳೆ ದಾರಿ ಇದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಬಹುದು, ಮೈಗ್ರೇಷನ್ ಅಂತಾರೆ. ಹೊಸ ಪಾಲಿಸಿಯಲ್ಲಿ ಕೆಲವು ಕಾಯಿಲೆಗಳಿಗೆ ಮೊದಲ ಕೆಲವು ವರ್ಷ ದುಡ್ಡು ಕೊಡಲ್ಲ, ಅದಕ್ಕೆ ಕಾಯುವ ಅವಧಿ ಅಂತಾರೆ. ಗ್ರೂಪ್‌ನಲ್ಲಿ ಕಳೆದ ವರ್ಷಗಳು ಅದರ ಲೆಕ್ಕಕ್ಕೆ ಸೇರುತ್ತವೆ. ನಮ್ಮವರು ನಾಲ್ಕು ವರ್ಷ ಗ್ರೂಪ್‌ನಲ್ಲಿದ್ದರು. ಆದರೆ ಕೆಲಸ ಬಿಡೋದಕ್ಕೆ ಮುಂಚೆಯೇ ಅರ್ಜಿ ಹಾಕಿಕೊಳ್ಳಬೇಕು, ಎಚ್‌ಆರ್ ಇದನ್ನು ತಾವಾಗಿ ಹೇಳಲ್ಲ. ಕೊನೆಯ ದಿನಕ್ಕೆ ಮುಂಚೆ ಪ್ರತಿ ವರ್ಷದ ಗ್ರೂಪ್ ಕಾರ್ಡ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಆಫೀಸ್ ಮೇಲ್ ಬಂದ್ ಆದ ಮೇಲೆ ಅವು ಸಿಗಲ್ಲ.

ಅರ್ಜಿಗೆ ಕೇಳಿದ್ದು ಆಧಾರ್, ಪ್ಯಾನ್, ಗ್ರೂಪ್ ಪಾಲಿಸಿಯ ದಾಖಲೆ, ಅಪ್ಪನ ಇತ್ತೀಚಿನ ರಕ್ತ ಪರೀಕ್ಷೆ, ಅಮ್ಮನ ಸ್ಕ್ಯಾನ್ ವರದಿ. ಕಳಿಸಿದೆ. ಆಮೇಲೆ ಕಾಯೋದು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಪ್ರೊಸೆಸ್‌ನಲ್ಲಿದೆ" ಅನ್ನೋದು ಬಿಟ್ಟು ಬೇರೆ ಮಾತಿಲ್ಲ. ಕೊನೆಯ ದಿನ ಹತ್ತಿರ ಬರ್ತಾ ಇದ್ದ ಹಾಗೆ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕಡೆಗೆ ಉತ್ತರ ಬಂತು. ಅಮ್ಮನಿಗೆ ಒಪ್ಪಿಗೆ. ಅಪ್ಪನಿಗೆ ಇಲ್ಲ. ಅಪ್ಪನ ಎಚ್‌ಬಿಎ1ಸಿ 9.1 ಇತ್ತು. ಹಿಂದಿನ ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಪರೀಕ್ಷೆ ಅದು. ಅವರ ಮಿತಿಗಿಂತ ಜಾಸ್ತಿಯಂತೆ. ಪಾಲಿಸಿ ಕೊಳ್ಳಲು ಇದ್ದ 65ರ ವಯೋಮಿತಿಯನ್ನು 2024ರ ಏಪ್ರಿಲ್‌ನಿಂದ ತೆಗೆದಿದ್ದಾರೆ, ನಿಜ. ಆದರೆ ಆರೋಗ್ಯ ನೋಡಿ ಬೇಡ ಅನ್ನುವ ಹಕ್ಕು ಕಂಪನಿಗೆ ಇದ್ದೇ ಇದೆ.

ಅಪ್ಪ ಏನೂ ಮಾತಾಡಲಿಲ್ಲ. ಆ ಪತ್ರವನ್ನು ಎರಡು ಸಲ ಓದಿಸಿಕೊಂಡು "ಅಮ್ಮನದು ಮಾಡ್ಸು, ನಂದು ಬಿಡು" ಅಂದರು. ಅದನ್ನು ಕೇಳಿ ನನಗೆ ತುಂಬಾ ಸಂಕಟ ಆಯಿತು.

ಅಮ್ಮನದು ಪಡೆದೆವು. 5 ಲಕ್ಷಕ್ಕೆ ವರ್ಷಕ್ಕೆ 17,800. ಗಮನಿಸಿ: ಹಳೆಯ ವರ್ಷಗಳ ಲೆಕ್ಕ ಗ್ರೂಪ್‌ನಲ್ಲಿದ್ದ 3 ಲಕ್ಷಕ್ಕೆ ಮಾತ್ರ ಸಿಗುತ್ತೆ, ಜಾಸ್ತಿ ತೆಗೆದುಕೊಂಡ 2 ಲಕ್ಷಕ್ಕೆ ಕಾಯುವ ಅವಧಿ ಹೊಸದಾಗಿ ಶುರು. ಅಂದ್ರೆ ಕಲ್ಲಿನ ಆಪರೇಷನ್ ನಾಳೆಯೇ ಬಂದರೂ 3 ಲಕ್ಷದವರೆಗೆ ಭಯ ಇಲ್ಲ. ಅಮ್ಮನದು ಬೇರೆಯೇ ಪಾಲಿಸಿ ಆದದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ಇಬ್ಬರನ್ನೂ ಒಂದೇ ಫ್ಲೋಟರ್‌ನಲ್ಲಿ, ಅಂದ್ರೆ ಒಂದೇ ಮೊತ್ತವನ್ನು ಇಬ್ಬರೂ ಹಂಚಿಕೊಳ್ಳುವ ಪಾಲಿಸಿಯಲ್ಲಿ ಹಾಕಿದ್ದರೆ ದೊಡ್ಡವರ ವಯಸ್ಸಿನ ಮೇಲೆ ಪ್ರೀಮಿಯಂ ನಿಲ್ಲುತ್ತಿತ್ತು, ಒಬ್ಬರ ಕಾಯಿಲೆಯಿಂದ ಇಬ್ಬರ ಅರ್ಜಿಯೂ ಸಿಕ್ಕಿಹಾಕಿಕೊಳ್ಳುತ್ತಿತ್ತು. ವಯಸ್ಸಾದ ತಂದೆ ತಾಯಿಗೆ ಬೇರೆ ಬೇರೆ ಪಾಲಿಸಿಯೇ ಒಳ್ಳೆಯದು ಅಂತ ನನಗೆ ಈಗ ಅನಿಸುತ್ತೆ. ನನ್ನ ಪಾಲಿಸಿಯಲ್ಲಿ ಹೇಳುವಂಥದ್ದೇನೂ ಇಲ್ಲ, ಆನ್‌ಲೈನ್‌ನಲ್ಲಿ ಒಂದೇ ಸಂಜೆಗೆ ಮುಗಿಯಿತು.

ಕೊನೆಯ ದಿನ ಕಳೆಯಿತು. ಅಪ್ಪನಿಗೆ ಯಶಸ್ವಿನಿ ಬಿಟ್ಟರೆ ಬೇರೇನೂ ಇಲ್ಲ. ತಮ್ಮ ಆಗ ಒಳ್ಳೆ ಕೆಲಸ ಮಾಡಿದ. ನಾನು ಒಂದಿಷ್ಟು, ಅವನು ಒಂದಿಷ್ಟು ಹಾಕಿ 1.5 ಲಕ್ಷದ ಎಫ್‌ಡಿ ಮಾಡಿದೆವು, ಆಸ್ಪತ್ರೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬಾರದು ಅಂತ. ಡಾಕ್ಟರ್ ಅಪ್ಪನ ಮಾತ್ರೆ ಬದಲಾಯಿಸಿದರು. ಬೆಳಗ್ಗೆ ತೋಟದ ಸುತ್ತು ನಡೆಯೋದನ್ನು ಅಮ್ಮ ಕಡ್ಡಾಯ ಮಾಡಿದರು. ಮೂರು ತಿಂಗಳು ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆವು. 7.8.

ಬೇರೆ ಕಂಪನಿಗೆ ಅರ್ಜಿ ಹಾಕಿದೆ. ಅದಕ್ಕೂ ಮುಂಚೆ ಪಾಲಿಸಿಗಳ ಷರತ್ತು ಓದೋದಕ್ಕೇ ಎರಡು ವಾರಾಂತ್ಯ ಹಿಡಿಯಿತು. ಪ್ರೀಮಿಯಂ ಮಾತ್ರ ನೋಡಿ ಆರಿಸಬೇಡಿ, ರೂಮ್ ಬಾಡಿಗೆಯ ಮಿತಿ ನೋಡಿ. 5 ಲಕ್ಷದ ಪಾಲಿಸಿಯಲ್ಲಿ ಬಾಡಿಗೆಯ ಮಿತಿ ವಿಮೆ ಮೊತ್ತದ ಶೇಕಡಾ 1 ಅಂತಿದ್ದರೆ ದಿನಕ್ಕೆ 5,000. ನೀವು 8,000ದ ರೂಮ್ ತೆಗೆದುಕೊಂಡರೆ ಮೂರು ಸಾವಿರ ಮಾತ್ರ ನಿಮ್ಮ ತಲೆಗೆ ಬರುತ್ತೆ ಅಂದುಕೊಳ್ಳಬೇಡಿ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಖರ್ಚು, ಎಲ್ಲವೂ ಅದೇ ಅನುಪಾತದಲ್ಲಿ ಕಡಿತ ಆಗುತ್ತೆ, ನೂರಕ್ಕೆ ಅರವತ್ತೆರಡೂವರೆ ಮಾತ್ರ ಸಿಗುತ್ತೆ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಇಲ್ಲ ಅನ್ನೋದೊಂದೇ ಸಮಾಧಾನ. ಗ್ಲೌಸ್, ಮಾಸ್ಕ್‌ನಂಥ ಸಾಮಾನುಗಳಿಗೆ ಸಾಮಾನ್ಯವಾಗಿ ವಿಮೆ ದುಡ್ಡು ಕೊಡಲ್ಲ, ಅದಕ್ಕೆ ಬೇರೆ ರೈಡರ್ ಬೇಕು, ಅಂದ್ರೆ ಪಾಲಿಸಿಯ ಜೊತೆ ಹೆಚ್ಚುವರಿಯಾಗಿ ಕೊಳ್ಳುವ ಸೌಲಭ್ಯ. ಏನೂ ತೋಚದಿದ್ದರೆ ಆರೋಗ್ಯ ಸಂಜೀವಿನಿ ಅನ್ನೋ ಪಾಲಿಸಿ ಓದಿ. 2020ರಲ್ಲಿ ಬಂದದ್ದು, ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಷರತ್ತು ಒಂದೇ, ಪ್ರತಿ ಕ್ಲೇಮ್‌ನಲ್ಲಿ ಶೇಕಡಾ 5 ನಮ್ಮ ಪಾಲು. ಅದನ್ನು ಪಕ್ಕದಲ್ಲಿಟ್ಟುಕೊಂಡರೆ ಬೇರೆ ಪಾಲಿಸಿಗಳು ಎಲ್ಲಿ ಹೆಚ್ಚು, ಎಲ್ಲಿ ಕಮ್ಮಿ ಅಂತ ಬೇಗ ಗೊತ್ತಾಗುತ್ತೆ.

ಹೊಸ ಫಾರ್ಮ್‌ನಲ್ಲಿ "ಹಿಂದೆ ಯಾವುದಾದರೂ ಕಂಪನಿ ನಿಮ್ಮ ಅರ್ಜಿ ತಿರಸ್ಕರಿಸಿದೆಯೇ?" ಅಂತ ಒಂದು ಪ್ರಶ್ನೆ ಇತ್ತು. ಹೌದು ಅಂತ ಬರೆದು ಪತ್ರದ ಪ್ರತಿಯನ್ನೂ ಲಗತ್ತಿಸಿದೆ. ಬರೆಯುವಾಗ ಭಯ ಆಗಿದ್ದು ನಿಜ. ಅದರಿಂದ ತೊಂದರೆ ಏನೂ ಆಗಲಿಲ್ಲ.

ಆಮೇಲೆ ಕಂಪನಿಯ ಡಾಕ್ಟರ್ ಫೋನ್. ಮೊದಲ ಸಲ ಹಿಂದಿಯಲ್ಲಿ ಶುರು ಮಾಡಿದರು, ಅಪ್ಪನಿಗೆ ಅರ್ಥ ಆಗಲಿಲ್ಲ. ಕನ್ನಡದಲ್ಲಿ ಮಾತಾಡುವವರೇ ಬೇಕು ಅಂತ ಕೇಳಿ ಬೇರೆ ಸಮಯ ಪಡೆದೆ. ಎರಡನೇ ಸಲ ನಾನೂ ಊರಲ್ಲೇ ಇದ್ದೆ. ಸ್ಪೀಕರ್ ಹಾಕಿಕೊಂಡು ಜಗಲಿ ಮೇಲೆ ಕೂತೆವು. "ಆರೋಗ್ಯ ಹೇಗಿದೆ ಸರ್?" ಅಂದರು ಡಾಕ್ಟರ್. "ಚೆನ್ನಾಗಿದೀನಿ ಸಾರ್, ಏನೂ ತೊಂದ್ರೆ ಇಲ್ಲ," ಅಂದರು ಅಪ್ಪ. ಯಾರು ಕೇಳಿದರೂ ಅವರು ಹೇಳೋದು ಅದನ್ನೇ. "ಯಾವುದಾದ್ರೂ ಮಾತ್ರೆ ತಗೊಳ್ತೀರಾ?" ಅಂದಾಗ ನಾನು ಮಾತ್ರೆ ಡಬ್ಬಿ ಅವರ ಮುಂದಿಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಪಟ್ಟಿ ತೆಗೆದು, ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. ಬೆಳಗ್ಗೆ ಯಾವುದು, ರಾತ್ರಿ ಯಾವುದು, ಎಷ್ಟು ವರ್ಷದಿಂದ, ಎಲ್ಲ ಹೇಳಿದರು. ಆ ಕರೆ ರೆಕಾರ್ಡ್ ಆಗುತ್ತೆ, ಅರ್ಜಿಯ ಜೊತೆ ಅದೂ ದಾಖಲೆ. ನಿಮ್ಮ ಮನೆಯ ಹಿರಿಯರಿಗೆ ಮುಂಚೆಯೇ ಹೇಳಿಡಿ: ಇದು ಕುಶಲ ವಿಚಾರಿಸುವ ಫೋನ್ ಅಲ್ಲ, ಇರೋದೆಲ್ಲ ಹೇಳಬೇಕು ಅಂತ.

ರಕ್ತ, ಮೂತ್ರ, ಇಸಿಜಿ ಪರೀಕ್ಷೆಗೆ ತುಮಕೂರಿಗೆ ಹೋಗಬೇಕಾಯಿತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು, ಆದರೆ ನಾವು ಹೋದಾಗ ಟೆಕ್ನಿಷಿಯನ್ ಇನ್ನೂ ಬಂದಿರಲಿಲ್ಲ. ಶುಗರ್ ಇರುವವರು ಖಾಲಿ ಹೊಟ್ಟೆಯಲ್ಲಿ ಎಷ್ಟು ಹೊತ್ತು ಕೂರೋದು? ಅಪ್ಪನ ಕೈ ಸಣ್ಣಗೆ ನಡುಗೋಕೆ ಶುರುವಾದಾಗ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಮೊದಲ ಅಪಾಯಿಂಟ್‌ಮೆಂಟ್ ಕೇಳಿ, ತಿಂಡಿ ಡಬ್ಬಿ ಜೊತೆಯಲ್ಲೇ ಒಯ್ಯಿರಿ. ಪರೀಕ್ಷೆಯ ಖರ್ಚನ್ನು ಕಂಪನಿಯೇ ಕೊಟ್ಟಿತು.

ಒಪ್ಪಿಗೆ ಬಂತು, ಷರತ್ತಿನ ಜೊತೆ. ಪ್ರೀಮಿಯಂ 24,000, ಅದರ ಮೇಲೆ ಶುಗರ್‌ಗೆ ಅಂತ ಶೇಕಡಾ 15 ಲೋಡಿಂಗ್, ಒಟ್ಟು 27,600. ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಇಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥವಕ್ಕೆ ಎರಡು ವರ್ಷ. ಶುಗರ್, ಬಿಪಿಗೆ ಮೂರು ವರ್ಷ. ಮೊದಲು ಇದು ನಾಲ್ಕು ವರ್ಷದವರೆಗೂ ಇರಬಹುದಿತ್ತು, 2024ರಲ್ಲಿ ಮೂರಕ್ಕೆ ಇಳಿಸಿದರು.

ತಮ್ಮ ಮತ್ತೆ ಕೇಳಿದ. ಮೂರು ವರ್ಷ ಶುಗರ್‌ಗೆ ಏನೂ ಇಲ್ಲ ಅಂದಮೇಲೆ ಯಾಕೆ ಕೊಡಬೇಕು? ಹೃದಯದ ತೊಂದರೆ ಬಂದರೂ ಶುಗರ್‌ನಿಂದಲೇ ಬಂತು ಅನ್ನಬಹುದು. ಅವನ ಮಾತಲ್ಲಿ ಅರ್ಥ ಇತ್ತು, ಅದಕ್ಕೇ ಎಫ್‌ಡಿ ಮುರಿಯಲಿಲ್ಲ. ಆ ಮೂರು ವರ್ಷದ ಆಸರೆ ಯಶಸ್ವಿನಿ ಮತ್ತು ಎಫ್‌ಡಿ. ಆದರೆ ಅಪ್ಪ ಈಗಲೂ ತೋಟಕ್ಕೆ ಬೈಕಲ್ಲಿ ಹೋಗ್ತಾರೆ. ಬಿದ್ದು ಮೂಳೆ ಮುರಿದರೆ, ಡೆಂಗಿ ಬಂದರೆ, ಕ್ಯಾನ್ಸರ್ ಅಂತ ಗೊತ್ತಾದರೆ, ಇವಕ್ಕೂ ಶುಗರ್‌ಗೂ ಸಂಬಂಧ ಇಲ್ಲ. ಇನ್ನೊಂದು, 66ನೇ ವಯಸ್ಸಿನಲ್ಲಿ ಶುಗರ್ ಇನ್ನೂ ಹೆಚ್ಚಾದ ಮೇಲೆ ಯಾರು ಕೊಡ್ತಾರೆ? ಕಾಯುವ ಗಡಿಯಾರವನ್ನು ಈಗಲೇ ಶುರು ಮಾಡಿಬಿಡೋಣ ಅಂದೆ. ಒಮ್ಮೆ ಒಳಗೆ ಬಂದರೆ ಜೀವನಪೂರ್ತಿ ನವೀಕರಣ ಮಾಡಿಕೊಡಬೇಕು, ಹಿರಿಯ ನಾಗರಿಕರ ಪ್ರೀಮಿಯಂ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚಿಸಬೇಕಾದರೆ ಕಂಪನಿ ಪ್ರಾಧಿಕಾರವನ್ನು ಕೇಳಬೇಕು ಅಂತ 2025ರ ಜನವರಿಯಲ್ಲಿ ನಿಯಮ ಬಂದಿದೆ. ದುಡ್ಡು ಕಟ್ಟಿದೆವು.

ತೆರಿಗೆಯ ಬಗ್ಗೆ ಒಂದು ಮಾತು. 60 ದಾಟಿದ ತಂದೆ ತಾಯಿಯ ಪ್ರೀಮಿಯಂಗೆ ಆದಾಯ ತೆರಿಗೆಯಲ್ಲಿ 50,000ದವರೆಗೆ ವಿನಾಯಿತಿ ಇದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇರುವವರು ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪಾಲಿಸಿ ಮೇಲ್‌ನಲ್ಲಿ ಬಂದ ರಾತ್ರಿಯೇ ಪೂರ್ತಿ ಓದಿದೆ. ಮೊದಲಿಂದ ಇರುವ ಕಾಯಿಲೆಗಳು ಅನ್ನೋ ಕಡೆ ಡಯಾಬಿಟಿಸ್ ಒಂದೇ ಇತ್ತು. ಬಿಪಿ ಇರಲಿಲ್ಲ. ಫಾರ್ಮ್‌ನಲ್ಲಿ ಬರೆದಿದ್ದೆ, ಫೋನಲ್ಲಿ ಅಪ್ಪ ಹೇಳಿದ್ದರು, ಆದರೂ ಪಾಲಿಸಿಗೆ ಬಂದಿರಲಿಲ್ಲ. ನಾಳೆ ಕ್ಲೇಮ್ ಬಂದಾಗ ನೀವು ಹೇಳಿಯೇ ಇಲ್ಲ ಅಂದರೆ? ಪಾಲಿಸಿ ಸಿಕ್ಕಿದ 30 ದಿನದೊಳಗೆ ಬೇಡ ಅಂತ ವಾಪಸ್ ಮಾಡುವ ಹಕ್ಕು ನಮಗಿದೆ. ಅದನ್ನು ನೆನಪಿಸಿ, ಫಾರ್ಮ್‌ನ ಪ್ರತಿ ಲಗತ್ತಿಸಿ, ಬಿಪಿ ಸೇರಿಸಿ ಕೊಡಿ ಅಂತ ಮೇಲ್ ಹಾಕಿದೆ. ಉತ್ತರವೇ ಇಲ್ಲ. ಕುಂದುಕೊರತೆ ಅಧಿಕಾರಿಗೆ ಬರೆದೆ, ಇನ್ನೂ ತಡವಾದರೆ ವಿಮಾ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕ್ತೀನಿ ಅಂತಲೂ ಸೇರಿಸಿದೆ. ಆ ವಾರವೇ ತಿದ್ದುಪಡಿ ಪತ್ರ ಬಂತು. ಪ್ರೀಮಿಯಂ ಬದಲಾಗಲಿಲ್ಲ.

30 ದಿನ ಕಳೆದು ಈಗ ಪಾಲಿಸಿ ನಡೆಯುತ್ತಿದೆ. ಈ ಮಧ್ಯೆ ಅಪ್ಪನ ಎಡಗಣ್ಣಿಗೆ ಪೊರೆ ಬಂದಿರೋದು ಗೊತ್ತಾಯಿತು. ಪಾಲಿಸಿಯಲ್ಲಿ ಅದಕ್ಕೆ ಎರಡು ವರ್ಷ ಕಾಯಬೇಕು. ಸಂಜೆ ಹೊತ್ತು ಬೈಕ್ ಓಡಿಸುವ ಮನುಷ್ಯ ಮಸುಕು ಕಣ್ಣಿಟ್ಟುಕೊಂಡು ಅಷ್ಟು ದಿನ ಇರೋದು ಬೇಡ ಅಂತ ಎಲ್ಲರೂ ಒಪ್ಪಿದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ಆಪರೇಷನ್ ಉಚಿತ, ಮೊದಲು ಅಲ್ಲಿ ತೋರಿಸ್ತೀವಿ. ಅಲ್ಲಿ ತಡ ಆಗುತ್ತೆ ಅಂದರೆ ಎಫ್‌ಡಿಯಿಂದ ತೆಗೆದು ಖಾಸಗಿಯಲ್ಲಿ ಮಾಡಿಸೋದು. ಮುಂದಿನ ವಾರ ತಮ್ಮ ಕರೆದುಕೊಂಡು ಹೋಗ್ತಾನೆ.